ಮಗಳು ಬಿಡಿಸಿದ ಚಿತ್ರ ದಿನಾ ಬಳಸೋ ವಸ್ತುವಿನ ಮೇಲೆ ಹಾಕಿಸಬೇಕು, ಯಾರಾದ್ರೂ ಮಾಡಿಸಿದ್ದೀರಾ?

ಮುಲುಂಡ್ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮದು ಕುಂದಾಪುರದ ಕಡೆ. ಮದುವೆಯಾಗಿ ಮುಂಬೈಗೆ ಬಂದು ಒಂಬತ್ತು ವರ್ಷ ಆಯ್ತು. ಮಗಳಿಗೆ ಈಗ ನಾಲ್ಕು. ಕೈಗೆ ಸಿಕ್ಕಿದ್ದರ ಮೇಲೆಲ್ಲ ಗೀಚುತ್ತಾಳೆ. ಹಾಲಿನ ಲೆಕ್ಕದ ಪುಸ್ತಕ, ಮೆಡಿಕಲ್ ಬಿಲ್ಲು, ಕ್ಯಾಲೆಂಡರ್, ಒಮ್ಮೆ ಸೊಸೈಟಿಯವರು ಕೊಟ್ಟ ನೋಟಿಸು. ನಾನು ಒಂದನ್ನೂ ಎಸೆದಿಲ್ಲ. ಎರಡು ಫೈಲು, ಒಂದು ಬಿಸ್ಕತ್ತಿನ ಡಬ್ಬಿ ತುಂಬಿದೆ. ಒನ್ ಬಿಎಚ್‌ಕೆ ಮನೆಯಲ್ಲಿ ಇನ್ನೆಲ್ಲಿ ಇಡುವುದು? ಅದೂ ಅಲ್ಲದೆ ಮಳೆಗಾಲ ಮುಗಿದ ಮೇಲೆ ಫೈಲು ತೆಗೆದು ನೋಡಿದರೆ ಕ್ರೇಯಾನ್ ಎಲ್ಲ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿತ್ತು.

ಅದರಲ್ಲಿ ಒಂದು ಚಿತ್ರ ನನಗೆ ತುಂಬಾ ಇಷ್ಟ. ಅದು ಅವಳ ಅಪ್ಪ. ಒಂದು ದೊಡ್ಡ ಸುತ್ತು, ಅದೇ ತಲೆ. ಸುತ್ತು ಪೂರ್ತಿ ಕೂಡಿಲ್ಲ, ಎಡಗಿವಿಯ ಹತ್ತಿರ ಸ್ವಲ್ಪ ಬಿಟ್ಟುಹೋಗಿದೆ. ತಲೆಯಿಂದಲೇ ಸೀದಾ ಎರಡು ಕಾಲು. ಹೊಟ್ಟೆ ಇಲ್ಲ (ಅಸಲಿಗೆ ಇದೆ, ಜಾಸ್ತಿಯೇ ಇದೆ). ತಲೆ ಮೇಲೆ ಮೂರು ಕೂದಲು. ಒಂದು ಕೈಯಲ್ಲಿ ಏಳು ಬೆರಳು, ಇನ್ನೊಂದು ಕೈ ಇಲ್ಲವೇ ಇಲ್ಲ. "ಇನ್ನೊಂದು ಕೈ ಎಲ್ಲಿ ಪುಟ್ಟಿ?" ಅಂದರೆ, "ಟ್ರೇನ್ ಹಿಡ್ಕೊಂಡಿದೆ" ಅಂದಳು.

ಅವರ ಹುಟ್ಟುಹಬ್ಬಕ್ಕೆ ಇದನ್ನೇ ಮಗ್ ಮೇಲೆ ಹಾಕಿಸೋಣ ಅಂತ ಒಂದು ಅಂಗಡಿಗೆ ಕೊಟ್ಟೆ. ಬಂದದ್ದು ನೋಡಿ ಅಳುವೇ ಬಂತು. ಸುತ್ತು ಕೂಡಿಸಿದ್ದಾರೆ. ಏಳು ಬೆರಳು ಐದಾಗಿದೆ. ಇದ್ದ ಕೈಯನ್ನೇ ಕಾಪಿ ಹೊಡೆದು ಆ ಕಡೆಗೂ ಒಂದು ಅಂಟಿಸಿದ್ದಾರೆ. ಸುತ್ತ ಕೆಂಪು ಹಾರ್ಟು, ಕೆಳಗೆ 'ಬೆಸ್ಟ್ ಡ್ಯಾಡ್'. ಮಗಳು ನೋಡಿ "ಇದ್ಯಾರಮ್ಮ?" ಅಂತ ಕೇಳಿದಳು.

ನನಗೆ ಶೋಕೇಸಿನಲ್ಲಿ ಕೂರುವ ವಸ್ತು ಬೇಡ. ದಿನಾ ಕೈಯಲ್ಲಿ ಹಿಡಿಯುವಂಥದ್ದು ಬೇಕು. ಖರ್ಚು ಎರಡು ಸಾವಿರದೊಳಗೆ. ನೀವು ಏನು ಮಾಡಿದ್ದೀರಿ, ಏನು ಹಾಳು ಮಾಡಿಕೊಂಡಿರಿ, ಎರಡೂ ಹೇಳಿ.

ಠಾಣೆ ಪ್ರಿಂಟರ್

ಅಕ್ಕ, ಬೈಯಬೇಡಿ. ನಾನೂ ಅದೇ ಧಂಧೆಯವನು. ಅಂಗಡಿಯಲ್ಲಿ ಏನಾಗುತ್ತೆ ಅಂತ ಹೇಳ್ತೇನೆ.

ಮಗ್‌ಗೆ ಮಾಡುವುದು ಸಬ್ಲಿಮೇಷನ್. ವಿಶೇಷ ಕಾಗದದ ಮೇಲೆ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಪ್ರಿಂಟ್ ತೆಗೆದು, ಮಗ್‌ಗೆ ಸುತ್ತಿ, ಟೇಪ್ ಹಾಕಿ, ಮೆಷೀನಿನಲ್ಲಿ 180ರಿಂದ 200 ಡಿಗ್ರಿ ಬಿಸಿಗೆ ಮೂರು ನಾಲ್ಕು ನಿಮಿಷ ಇಡುತ್ತೇವೆ. ಶಾಯಿ ಆವಿಯಾಗಿ ಮಗ್ಗಿನ ಮೇಲಿರುವ ಪಾಲಿಯೆಸ್ಟರ್ ಲೇಪದ ಒಳಗೆ ಸೇರಿಕೊಳ್ಳುತ್ತದೆ. ಲೇಪ ಇಲ್ಲದ ಮನೆಯ ಕಪ್ ತಂದುಕೊಟ್ಟರೆ ಅದಕ್ಕೆ ಹಿಡಿಯುವುದಿಲ್ಲ. ಇನ್ನೊಂದು ವಿಷಯ, ಈ ಶಾಯಿಯಲ್ಲಿ ಬಿಳಿ ಬಣ್ಣ ಅಂತ ಇಲ್ಲ. ಮಗ್ ಬೆಳ್ಳಗಿದ್ದರೆ ಅದೇ ಬಿಳಿ. ನೀವು ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೋ ಕಳಿಸಿದರೆ ಕಾಗದದ ನೆರಳು, ನಿಮ್ಮ ಕೈಯ ನೆರಳು ಎಲ್ಲ ಸೇರಿ ಮಗ್ ಮೇಲೆ ಬೂದಿ ಬಳಿದ ಹಾಗೆ ಬರುತ್ತೆ. ಅದಕ್ಕೇ ನಮ್ಮ ಹುಡುಗರು ಫೋಟೋ ಬಂದ ಕೂಡಲೇ 'ಕ್ಲೀನ್' ಮಾಡಲು ಕೂರುತ್ತಾರೆ. ಕ್ಲೀನ್ ಮಾಡ್ತಾ ಮಾಡ್ತಾ ಬೆರಳೂ ಎಣಿಸಿಬಿಡ್ತಾರೆ!

ಮಾಮೂಲಿ ಮಗ್ ಮೇಲೆ ಸಿಗುವ ಜಾಗ ಸುಮಾರು 20 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರ. ಇಂಚಿಗೆ 300 ಚುಕ್ಕೆ ಲೆಕ್ಕ ಹಾಕಿದರೆ ಅಗಲಕ್ಕೆ 2,400 ಪಿಕ್ಸೆಲ್ ಹತ್ತಿರ ಬೇಕು. ವಾಟ್ಸಾಪಿನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಹೋಗುತ್ತೆ. ಅದನ್ನೇ ಡಾಕ್ಯುಮೆಂಟ್ ಅಂತ ಅಟ್ಯಾಚ್ ಮಾಡಿ ಕಳಿಸಿ, ಹಾಗೇ ಬರುತ್ತೆ. ದಿನಾ ನಾಲ್ಕು ಜನ ಗಿರಾಕಿಗಳಿಗೆ ಇದನ್ನೇ ಹೇಳ್ತೇನೆ.

ಟೀ ಶರ್ಟ್ ಬೇಕಾದರೆ ಹತ್ತಿ ಬಟ್ಟೆಗೆ ಸಬ್ಲಿಮೇಷನ್ ನಿಲ್ಲುವುದಿಲ್ಲ. ಡಿಟಿಎಫ್ (ಫಿಲ್ಮ್ ಮೇಲೆ ಪ್ರಿಂಟ್ ತೆಗೆದು ಬಟ್ಟೆಗೆ ಒತ್ತುವುದು) ಮಾಡಿ ಅನ್ನಿ. ಒಗೆಯುವಾಗ ಒಳಗು ಹೊರಗು ತಿರುಗಿಸಿ.

ಕೊನೆಗೆ, ಅಂಗಡಿಗೆ ಹೋದಾಗ ಬಾಯಿ ಬಿಟ್ಟು ಹೇಳಿ: "ಜೈಸಾ ಹೈ ವೈಸಾ ಹೀ. ಕುಛ್ ಠೀಕ್ ಮತ್ ಕರೋ." (ಇದ್ದ ಹಾಗೇ ಇರಲಿ, ಏನೂ ಸರಿ ಮಾಡಬೇಡಿ.) ಪ್ರಿಂಟ್ ಹೊಡೆಯುವ ಮೊದಲು ಸ್ಕ್ರೀನ್ ಫೋಟೋ ಕಳಿಸು ಅನ್ನಿ. ಸಂಕೋಚ ಬೇಡ.

ಮುಲುಂಡ್ ಅಮ್ಮ

ಅಣ್ಣ, ನಾನು ಟ್ಯೂಬ್‌ಲೈಟ್ ಕೆಳಗೇ ಫೋಟೋ ತೆಗೆದಿದ್ದು. ಆದ್ರೂ ಕೈ ಅಂಟಿಸಿದ್ದು ಜಾಸ್ತಿ ಆಯ್ತು ಅಲ್ವಾ?

ಠಾಣೆ ಪ್ರಿಂಟರ್

ಜಾಸ್ತಿ ಆಯ್ತು. ಒಪ್ಪಿದೆ.

ಕುರ್ಲಾದ ಹಳಬ

ಮಗ್, ಶರ್ಟು ಎಲ್ಲ ಆಮೇಲೆ. ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿಡಿ. ಯಾಕೆ ಹೇಳ್ತೇನೆ ಕೇಳಿ.

2005ರ ಜುಲೈ 26. ಆ ದಿನ ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ನಮ್ಮದು ಕುರ್ಲಾದಲ್ಲಿ ನೆಲಮಹಡಿ ಖೋಲಿ. ಮೀಠಿ ನದಿಯ ನೀರು ಒಳಗೆ ಬಂದಾಗ ನಾವು ಎತ್ತಿಕೊಂಡದ್ದು ಮಕ್ಕಳನ್ನು, ಗ್ಯಾಸ್ ಪುಸ್ತಕವನ್ನು, ಹೆಂಡತಿಯ ಕರಿಮಣಿ ಇದ್ದ ಡಬ್ಬಿಯನ್ನು. ಮಗನ ಚಿತ್ರಗಳು ಮಂಚದ ಕೆಳಗಿನ ಟ್ರಂಕಿನಲ್ಲಿದ್ದವು. ಮೂರನೇ ದಿನ ತೆಗೆದೆ. ಸ್ಕೆಚ್ ಪೆನ್ನಿನ ಚಿತ್ರಗಳೆಲ್ಲ ನೀಲಿ ನೀರಾಗಿದ್ದವು. ಕ್ರೇಯಾನ್ ಮೇಣ ನೋಡಿ, ಅದರ ಬಣ್ಣ ಮಾತ್ರ ಹೊಸದರ ಹಾಗೆ ಇತ್ತು. ಆದರೆ ಕಾಗದ ಹಿಡಿದು ಎತ್ತಿದರೆ ಗಂಜಿ. ಹಳದಿ ಸೂರ್ಯ ನನ್ನ ಬೆರಳಿಗೆ ಅಂಟಿ ಬಂತು.

ಉಳಿದದ್ದು ಒಂದೇ. ಕಾರ್ಕಳದ ಅಜ್ಜಿಗೆ ಬರೆದ ಇನ್ಲ್ಯಾಂಡ್ ಲೆಟರಿನ ಮೂಲೆಯಲ್ಲಿ ಅವನು ಗೀಚಿದ್ದ ಕೋಳಿ. ಅಮ್ಮ ಅದನ್ನು ದೇವರ ಕೋಣೆಯ ಪಂಚಾಂಗದೊಳಗೆ ಇಟ್ಟುಕೊಂಡಿದ್ದರು. ಹಾಗಾಗಿ ಒಂದು ಪ್ರತಿ ಬೇರೆ ಮನೆಯಲ್ಲಿ, ಬೇರೆ ಊರಲ್ಲಿ ಇರಲಿ. ಈಗ ಫೋನಿನಲ್ಲೇ ಆಗುತ್ತಲ್ಲ.

ಸ್ಕ್ಯಾನ್ ಮಾಡುವಾಗ ಕ್ರೇಯಾನಿನ ಮೇಣ ಗಾಜಿಗೆ ಹತ್ತುತ್ತೆ. ಮಧ್ಯೆ ಒಂದು ಚೊಕ್ಕ ಪಾರದರ್ಶಕ ಹಾಳೆ ಇಡಿ. ಬಿಲ್ಲಿನ ಹಿಂದೆ ಬಿಡಿಸಿದ್ದರೆ ಆ ಕಡೆಯ ಅಕ್ಷರ ಮೂಡಿ ಕಾಣುತ್ತೆ, ಆಗ ಬೆನ್ನಿಗೆ ಕಪ್ಪು ಕಾಗದ ಇಟ್ಟರೆ ಮಾಯ. ಫೋನಿನಲ್ಲಿ ತೆಗೆಯುವುದಾದರೆ ಬೆಳಗಿನ ಹೊತ್ತು ಕಿಟಕಿ ಪಕ್ಕ, ಫ್ಲ್ಯಾಶ್ ಇಲ್ಲದೆ, ಫೋನು ಕಾಗದಕ್ಕೆ ನೇರವಾಗಿ ಮೇಲಿನಿಂದ.

ಡೊಂಬಿವಲಿ ಲೋಕಲ್

ಇಷ್ಟೆಲ್ಲ ಯಾಕೆ? ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕಿ, ಆಯ್ತು.

ವಾಶಿ ಇಬ್ಬರು ಮಕ್ಕಳ ತಾಯಿ

ಅಯ್ಯೋ ಬೇಡ! ಬಿಸಿ ಲ್ಯಾಮಿನೇಷನ್ನಿಗೆ ಕ್ರೇಯಾನ್ ಕರಗುತ್ತೆ. ನನ್ನದು ಅದಕ್ಕಿಂತ ದೊಡ್ಡ ಎಡವಟ್ಟು. ಮಗ ಮೊದಲ ಸಲ 'ಅ' ಬರೆದದ್ದು ಕಿರಾಣಿ ಬಿಲ್ಲಿನ ಹಿಂದೆ. ಮೆಷೀನಿನಿಂದ ಸರ್ ಅಂತ ಬರುತ್ತಲ್ಲ, ಆ ನುಣುಪು ಕಾಗದ. ಅದಕ್ಕೆ ಬಿಸಿ ತಾಗಿದರೆ ಕಪ್ಪಾಗುತ್ತೆ, ಪ್ರಿಂಟ್ ಬರುವುದೇ ಆ ಗುಣದಿಂದ. ನಾನು ಪೆದ್ದಿ, ಲ್ಯಾಮಿನೇಷನ್‌ಗೆ ಕೊಟ್ಟೆ. ಆ ಕಡೆಯಿಂದ ಕಾಡಿಗೆಯಂಥ ಪಟ್ಟಿ ಹೊರಬಂತು. ಅಂಗಡಿಯವರದ್ದು ತಪ್ಪಿಲ್ಲ, "ಪಕ್ಕಾ?" ಅಂತ ಎರಡು ಸಲ ಕೇಳಿದ್ದರು.

ಕೋಥ್ರೂಡ್ ಕೌದಿ

ನಮಸ್ಕಾರ ರೀ. ಪುಣೆಯಿಂದ. ನಮ್ಮತ್ತಿ ಧಾರವಾಡದವರು, ವರ್ಷದಲ್ಲಿ ನಾಲ್ಕು ತಿಂಗಳು ನಮ್ಮ ಜೊತೆ ಇರುತ್ತಾರೆ. ಸುಮ್ನೆ ಕೂತು ಟಿವಿ ನೋಡುವ ಜಾತಿಯಲ್ಲ. ಮಗನ ಚಿತ್ರಗಳನ್ನು ಕೌದಿಯೊಳಗೆ ಹಾಕಿಕೊಡಿ ಅಂತ ಕೇಳಿದೆ.

ಮೊದಲು ಅವರು ಕಸೂತಿ ಹಾಕುತ್ತೇನೆ ಅಂತ ಶುರು ಮಾಡಿದರು. ಆಗಲಿಲ್ಲ. ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ ಹಾಕಬೇಕು, ಗಂಟು ಹಾಕುವ ಹಾಗಿಲ್ಲ, ಗವಂತಿ ಹಾಕಿದರೆ ಎರಡೂ ಕಡೆ ಒಂದೇ ಥರ ಕಾಣಬೇಕು. ಗೋಪುರ, ತೇರು, ಆನೆ ಅದಕ್ಕೆ ಸರಿ. ಮೂರು ವರ್ಷದ ಹುಡುಗನ ಗೆರೆ ಎಳೆ ಎಣಿಸಿ ಹೋಗುತ್ತದೇನು? ಅವನ ಬೆಕ್ಕು ಮೆಟ್ಟಿಲು ಮೆಟ್ಟಿಲಾಗಿ ಗುಡಿಯ ಗೋಪುರ ಆಯಿತು! ಅತ್ತಿ ಬಿಚ್ಚಿ ಹಾಕಿ, "ಇದಕ್ಕ ಸಾದಾ ಹೊಲಿಗೀನ ಬೇಕು" ಅಂದರು.

ಆಮೇಲೆ ಹಳೆಯ ಪದ್ಧತಿ ಹಿಡಿದರು. ಚಿತ್ರದ ಮೇಲೆ ಟ್ರೇಸಿಂಗ್ ಕಾಗದ ಇಟ್ಟು ಪೆನ್ಸಿಲಿನಿಂದ ಗೆರೆ ತೆಗೆಯುವುದು. ಆ ಗೆರೆಯ ಉದ್ದಕ್ಕೂ ಸೂಜಿಯಿಂದ ಸಣ್ಣ ತೂತು. ಕಾಗದವನ್ನು ಬಟ್ಟೆ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯನ್ನು ಅರಿವೆಯ ಉಂಡೆಯಿಂದ ಒರೆಸುವುದು. ಕಾಗದ ಎತ್ತಿದರೆ ಬಟ್ಟೆ ಮೇಲೆ ಚುಕ್ಕಿ ಚುಕ್ಕಿ ಬೆಕ್ಕು. ಅದರ ಮೇಲೆ ಸರಪಳಿ ಹೊಲಿಗೆ. ಈಗ ಸೀಮೆಎಣ್ಣೆ ಎಲ್ಲಿ ಸಿಗಬೇಕು ಅನ್ನುವವರು ಚಿತ್ರವನ್ನು ಕಿಟಕಿ ಗಾಜಿಗೆ ಅಂಟಿಸಿ, ತೆಳು ಬಟ್ಟೆ ಮೇಲಿಟ್ಟು ಪೆನ್ಸಿಲಿನಿಂದ ಎಳೆಯಿರಿ. ಬಿಸಿಲೇ ಕೆಲಸ ಮಾಡುತ್ತದೆ.

ಒಂಬತ್ತು ಚೌಕ ಆದವು. ಅವನ್ನು ನನ್ನ ಹಳೆಯ ಇಳಕಲ್ ಸೀರೆ, ಮಾವನವರ ಧೋತರದ ಜೊತೆ ಸೇರಿಸಿ ಕೌದಿ ಹೊಲಿದರು. ದಿನಾ ಹೊದೆಯುತ್ತಾನೆ. ಎರಡು ಸಲ ಮೂತ್ರ ಮಾಡಿದ್ದಾನೆ, ಹತ್ತಾರು ಸಲ ಒಗೆದಿದ್ದೇವೆ. ಬೆಕ್ಕಿನ ಒಂದು ಮೀಸೆ ಬಿಚ್ಚಿದೆ. ಅತ್ತಿ ಬಂದಾಗ ಹೊಲಿಯುತ್ತಾರೆ ಅಂತ ಹಾಗೇ ಬಿಟ್ಟಿದ್ದೇನೆ.

ಖರ್ಚು? ದಾರದ್ದು ಅಷ್ಟೇ ರೀ. ಅಪ್ಪಾ ಬಳವಂತ ಚೌಕಿಗೆ ಟ್ರೇಸಿಂಗ್ ಕಾಗದ ತರಲು ಹೋದಾಗ ಕೊಟ್ಟ ರಿಕ್ಷಾ ಬಾಡಿಗೆಯೇ ಜಾಸ್ತಿ.

ಅಂಧೇರಿ ಅಪ್ಪ

ಸ್ವಲ್ಪ ಖಾರವಾಗಿ ಬರೆಯುತ್ತೇನೆ, ಬೇಜಾರು ಮಾಡಬೇಡಿ. ಮಗು ಗೀಚಿದ್ದೆಲ್ಲ ವಸ್ತು ಆಗಬೇಕಾ? ನಮ್ಮ ಮನೆಯಲ್ಲಿ ಮಗ್, ಮೌಸ್ ಪ್ಯಾಡ್, ಕುಶನ್, ಫ್ರಿಜ್ ಮ್ಯಾಗ್ನೆಟ್, ಕೀ ಚೈನ್ ಎಲ್ಲ ಮಾಡಿಸಿದೆವು. ಆಮೇಲೆ ಮಗ ಪೆನ್ಸಿಲ್ ಹಿಡಿಯುವ ಮೊದಲೇ "ಇದನ್ನು ಯಾವುದರ ಮೇಲೆ ಹಾಕಿಸ್ತೀಯಾ?" ಅಂತ ಕೇಳಲು ಶುರು ಮಾಡಿದ. ಗೀಚುವುದು ಬಿಟ್ಟು 'ಡಿಸೈನ್' ಮಾಡತೊಡಗಿದ. ಈಗ ಹದಿನಾಲ್ಕು. ಅವನ ಸ್ನೇಹಿತರು ಬಂದಾಗ ಕುಶನ್ ತಿರುಗಿಸಿ ಇಡುತ್ತಾನೆ.

ಮಾಹಿಮ್ ಟೀಚರ್

ಅಂಧೇರಿಯವರ ಮಾತಿನಲ್ಲಿ ಸತ್ಯ ಇದೆ. ಹಾಗಂತ ಮಾಡಿಸಲೇಬಾರದು ಅಂತಲ್ಲ. ಒಂದೆರಡು ಸಾಕು. ಮಗುವನ್ನು ಕೇಳಿ ಮಾಡಿಸಿ. ನಾನು ಬಾಲವಾಡಿಯಲ್ಲಿ ಇಪ್ಪತ್ತೆರಡು ವರ್ಷ ಕಲಿಸಿದವಳು.

ಮುಲುಂಡಿನ ತಂಗಿ, ನಿಮ್ಮ ಮಗಳ ಅಪ್ಪನಿಗೆ ಹೊಟ್ಟೆ ಇಲ್ಲದ್ದು ತಪ್ಪಲ್ಲ. ಮೂರು, ನಾಲ್ಕು ವರ್ಷದ ಮಕ್ಕಳು ಮುಂಬೈಯಲ್ಲಾಗಲಿ, ಬೇರೆ ದೇಶದಲ್ಲಾಗಲಿ, ತಲೆಯಿಂದಲೇ ಕಾಲು ಎಳೆಯುವುದು ತುಂಬಾ ಸಾಮಾನ್ಯ. ಪುಸ್ತಕಗಳಲ್ಲಿ ಅದಕ್ಕೆ ಗೊದಮೊಟ್ಟೆ ಮನುಷ್ಯ ಅನ್ನುತ್ತಾರೆ. ಕಪ್ಪೆಮರಿ ಇರುತ್ತಲ್ಲ, ಬರೀ ತಲೆ, ಬಾಲ, ಅದರ ಹಾಗೆ. ಕೆಲವು ತಿಂಗಳಲ್ಲಿ ಹೊಟ್ಟೆ ಬರುತ್ತೆ, ಆಮೇಲೆ ಕುತ್ತಿಗೆ, ಗುಂಡಿ, ಜೇಬು. ಬಂದ ಮೇಲೆ ಮಗು ಆ ಹಳೆಯ ಮನುಷ್ಯನನ್ನು ಮತ್ತೆ ಬಿಡಿಸುವುದು ಅಪರೂಪ. ನಿಮಗೆ ಬೇಕಾದ ಚಿತ್ರ ಇದ್ದರೆ ಈಗಲೇ ತೆಗೆದಿಡಿ.

1926ರಲ್ಲಿ ಫ್ಲಾರೆನ್ಸ್ ಗುಡೆನಫ್ ಅನ್ನುವ ಅಮೆರಿಕದ ಮನೋವಿಜ್ಞಾನಿ ಮಕ್ಕಳು ಬಿಡಿಸಿದ ಮನುಷ್ಯನ ಕೈ, ಕಾಲು, ಬೆರಳು ಎಣಿಸಿ ಬುದ್ಧಿ ಅಳೆಯುವ ಪರೀಕ್ಷೆ ಮಾಡಿದ್ದರು. ಆ ಎಣಿಕೆ ಮನೆಯಲ್ಲಿ ಬೇಡ. ಕೆಲವು ಅಪ್ಪ ಅಮ್ಮಂದಿರು ಆ ಮಗ್ ಅಂಗಡಿ ಹುಡುಗನಿಗಿಂತ ಮೊದಲೇ ಎಣಿಸಿ ಮುಗಿಸಿರುತ್ತಾರೆ.

ಚಿತ್ರದ ಹಿಂದೆ ತಾರೀಕು ಬರೆಯಿರಿ, ಮಗು ಹೇಳಿದ ಮಾತನ್ನೂ ಬರೆಯಿರಿ. "ಟ್ರೇನ್ ಹಿಡ್ಕೊಂಡಿದೆ" ಅಂತ ಬರೆದಿಟ್ಟಿದ್ದೀರಾ? ಇಲ್ಲದಿದ್ದರೆ ಈ ಕ್ಷಣ ಎದ್ದು ಬರೆಯಿರಿ. ಮೆತ್ತನೆ ಪೆನ್ಸಿಲಿನಿಂದ. ಬಾಲ್ ಪೆನ್ ಒತ್ತಿದರೆ ಈ ಕಡೆಗೂ ಮೂಡುತ್ತೆ.

ಇನ್ನೊಂದು ನೆನಪಾಯ್ತು. ಯುನಿಸೆಫ್‌ನ ಶುಭಾಶಯ ಪತ್ರಗಳು ಗೊತ್ತಲ್ಲ? 1949ರ ಅದರ ಮೊದಲ ಕಾರ್ಡಿನ ಮೇಲಿದ್ದದ್ದು ಏಳು ವರ್ಷದ ಒಬ್ಬ ಚೆಕೊಸ್ಲೊವಾಕಿಯಾ ಹುಡುಗಿಯ ಚಿತ್ರ. ಯುದ್ಧ ಮುಗಿದ ಕಾಲ, ಹಳ್ಳಿಗೆ ಬಂದ ನೆರವಿಗೆ ಥ್ಯಾಂಕ್ಸ್ ಅಂತ ಬಿಡಿಸಿದ್ದು. ಕಾಗದ ಸಿಗದೆ ಗಾಜಿನ ಮೇಲೆ ಬಿಡಿಸಿದ್ದಳಂತೆ. ನಮ್ಮ ಮಕ್ಕಳಿಗೆ ಸೊಸೈಟಿ ನೋಟಿಸಾದರೂ ಇದೆ.

ಮುಲುಂಡ್ ಅಮ್ಮ

ಟೀಚರ್, ಎದ್ದು ಬರೆದೆ. ತಾರೀಕು ಸರಿಯಾಗಿ ನೆನಪಿರಲಿಲ್ಲ. ಬಿಲ್ಲಿನ ಹಿಂದೆ ಬಿಡಿಸಿದ್ದಾಳಲ್ಲ, ಆ ಕಡೆ ಪ್ಯಾರಾಸಿಟಮಾಲ್ ಕೊಂಡ ದಿನ ಸಿಕ್ಕಿತು. ಇದೂ ಆ ನುಣುಪು ಕಾಗದವೇ, ಅಕ್ಷರ ಮಾಸುತ್ತಾ ಬಂದಿದೆ.

ವಾಸ್ಕೋ ಕನ್ನಡಿಗ

ಗೋವಾದಿಂದ ಒಂದು ಮಾತು. ಇಲ್ಲಿ ಪಣಜಿಯ ಫೊಂತೈನ್ಯಾಸ್ ಕಡೆ ಓಡಾಡಿದರೆ ಮನೆ ಮನೆಯ ಗೋಡೆಯಲ್ಲಿ ನೀಲಿ ಬಿಳಿ ಹೆಂಚಿನ ಮೇಲೆ ಹೆಸರು ಬರೆದಿರುತ್ತೆ. ಪೋರ್ಚುಗೀಸರ ಕಾಲದಿಂದ ಬಂದ ಕಲೆ, ಅಜುಲೆಜು ಅಂತಾರೆ. ಹೊಳಪಿನ ಬಿಳಿ ಟೈಲ್ ಮೇಲೆ ಕೈಯಿಂದ ಬರೆದು ಭಟ್ಟಿಯಲ್ಲಿ ಸುಡುತ್ತಾರೆ. ಬರೆಯುವಾಗ ನೀಲಿ ಮಂಕಾಗಿ ಕಾಣುತ್ತೆ, ಸುಟ್ಟ ಮೇಲೆಯೇ ನಿಜವಾದ ಬಣ್ಣ ಏಳುವುದು. ಸಮುದ್ರದ ಉಪ್ಪು ಗಾಳಿಗೂ ಮಳೆಗೂ ಮಾಸುವುದಿಲ್ಲ.

ನಾವು ಮನೆ ನಂಬರಿನ ಹಲಗೆಗೆ ಮಗಳ ಕೈಬರಹವನ್ನೇ ಕೊಟ್ಟೆವು. ಐದು ವರ್ಷದಲ್ಲಿ ಅವಳು 3 ಅನ್ನು ಉಲ್ಟಾ ಬರೆಯುತ್ತಿದ್ದಳು. ಬರೆಯುವವರು ಫೋನ್ ಮಾಡಿ ಕೊಂಕಣಿಯಲ್ಲಿ ಎರಡು ಸಲ ಕೇಳಿದರು, "ಉಲ್ಟಾನೇ ಇರಲಾ?" ಇರಲಿ ಅಂದೆ. ಪಾರ್ಸೆಲ್ ತರುವ ಹುಡುಗರು ಒಂದು ನಿಮಿಷ ನಿಂತು ತಲೆ ಓರೆ ಮಾಡುತ್ತಾರೆ, ಆಮೇಲೆ ಬೆಲ್ ಒತ್ತುತ್ತಾರೆ.

ಎಫ್‌ಸಿ ರೋಡ್ ಹುಡುಗಿ

ನಾನು ಆ ಕಡೆಯಿಂದ ಬರೆಯುತ್ತಿದ್ದೇನೆ, ಅಂದರೆ ಚಿತ್ರ ಬಿಡಿಸಿದ ಮಗುವಿನ ಕಡೆಯಿಂದ. ಈಗ ಹತ್ತೊಂಬತ್ತು, ಪುಣೆಯಲ್ಲಿ ಓದುತ್ತಿದ್ದೇನೆ. ನಾಲ್ಕು ವರ್ಷದಲ್ಲಿ ಬಿಡಿಸಿದ ಮೀನನ್ನು ಅಮ್ಮ ದಿಂಬಿನ ಕವರ್ ಮೇಲೆ ಹೊಲಿದಿದ್ದರು. ಹೈಸ್ಕೂಲಿನಲ್ಲಿ ನನಗೂ ನಾಚಿಕೆ ಆಗಿತ್ತು, ಅಂಧೇರಿ ಅಂಕಲ್ ಮಗನ ಹಾಗೆ ತಿರುಗಿಸಿ ಇಡುತ್ತಿದ್ದೆ. ಹಾಸ್ಟೆಲಿಗೆ ಬರುವಾಗ ಯಾರಿಗೂ ಹೇಳದೆ ಬ್ಯಾಗಿನಲ್ಲಿ ಹಾಕಿಕೊಂಡು ಬಂದೆ. ಮೀನು ಬೆಳ್ಳಗಾಗಿಬಿಟ್ಟಿದೆ. ಕತ್ತಲಲ್ಲಿ ಬೆರಳಿಟ್ಟರೆ ದಾರ ಸಿಗುತ್ತೆ. ಪ್ರಿಂಟ್ ಆಗಿದ್ದರೆ ಸಿಗುತ್ತಿರಲಿಲ್ಲ.

ದಾದರ್ ಪಾತ್ರೆ ಅಂಗಡಿ ಪಕ್ಕ

ಎಲ್ಲರೂ ದೊಡ್ಡ ದೊಡ್ಡ ಐಡಿಯಾ ಕೊಟ್ಟಿರಿ. ಸ್ಟೀಲ್ ಪಾತ್ರೆ ಮರೆತಿರಾ? ನಮ್ಮಮ್ಮನ ಚೊಂಬು, ತಟ್ಟೆ, ಡಬ್ಬಿ ಎಲ್ಲದರ ಮೇಲೂ ಯಾರ್ಯಾರದೋ ಹೆಸರು. ಮದುವೆಯಲ್ಲಿ ಉಡುಗೊರೆ ಕೊಟ್ಟವರದ್ದು. ಪಾತ್ರೆ ಅಂಗಡಿಯಲ್ಲಿ ಗುರ್ ಅಂತ ಸದ್ದು ಮಾಡುವ ಕರೆಂಟ್ ಪೆನ್ನಿನಿಂದ ಹೆಸರು ಕೊರೆದು ಕೊಡ್ತಾರಲ್ಲ, ಅವನಿಗೆ ಹೆಸರಿನ ಬದಲು ಚಿತ್ರ ಕೊಡಿ. ಮಗುವಿನ ಗೆರೆಯನ್ನು ಮೊದಲು ಪರ್ಮನೆಂಟ್ ಮಾರ್ಕರಿನಿಂದ ಪಾತ್ರೆ ಮೇಲೆ ಮೂಡಿಸಿಕೊಂಡು ಹೋಗಿ. ಅವನು ಅದರ ಮೇಲೇ ಹೋಗ್ತಾನೆ. ಹೊರಗಡೆಯೇ ಕೊರೆಸಿ, ಒಳಗೆ ಬೇಡ, ಸಾರಿನ ಜಿಡ್ಡು ಕೂರುತ್ತೆ.

ಯಜಮಾನರು ಡಬ್ಬಿ ಒಯ್ಯುತ್ತಾರಾ?

ಮುಲುಂಡ್ ಅಮ್ಮ

ಒಯ್ಯುವುದಿಲ್ಲ, ಬರುತ್ತೆ! ಅವರ ಆಫೀಸು ಫೋರ್ಟಿನಲ್ಲಿ. ಹತ್ತು ಗಂಟೆಗೆ ಡಬ್ಬಾವಾಲಾ ಮನೆಗೆ ಬಂದು ಊಟದ ಡಬ್ಬಿ ಆಫೀಸಿಗೆ ಒಯ್ಯುತ್ತಾರೆ. ಅಯ್ಯೋ, ಇದು ನನಗೆ ಹೊಳೆಯಲೇ ಇಲ್ಲ ನೋಡಿ.

ಮುಲುಂಡ್ ಅಮ್ಮ (ಮೂರು ವಾರದ ನಂತರ)

ಮಾಡಿಸಿದೆ. ಎಲ್ಲಾ ಹೇಳ್ತೇನೆ.

ಮೊದಲು ಅವಳ ಕೈಗೇ ಮಾರ್ಕರ್ ಕೊಟ್ಟು, ಡಬ್ಬಿ ಮೇಲೆ ಅಪ್ಪನನ್ನು ಬಿಡಿಸು ಅಂದೆ. ಟೀಚರ್ ಹೇಳಿದ್ದೇ ಆಯ್ತು. ಈ ಅಪ್ಪನಿಗೆ ಹೊಟ್ಟೆ ಬಂದಿದೆ. ಎರಡು ಕೈ, ಶರ್ಟಿಗೆ ನಾಲ್ಕು ಗುಂಡಿ. "ಆ ಅಪ್ಪ ಬಿಡಿಸು, ಟ್ರೇನ್ ಹಿಡ್ಕೊಂಡಿದ್ದ ಅಪ್ಪ" ಅಂದೆ. "ಅದು ಸಣ್ಣವಳಿದ್ದಾಗ" ಅಂದಳು. ಏಳು ತಿಂಗಳ ಹಿಂದಿನ ಮಾತು!

ಹಾಗಾಗಿ ಹಳೆಯ ಅಪ್ಪನನ್ನು ಸ್ಕ್ಯಾನಿನಿಂದ ಪ್ರಿಂಟ್ ತೆಗೆದು, ಕಾರ್ಬನ್ ಇಟ್ಟು, ನಾನೇ ಡಬ್ಬಿಯ ಮೈಗೆ ಮೂಡಿಸಿ ಅದರ ಮೇಲೆ ಮಾರ್ಕರ್ ಎಳೆದೆ. ಕೈ ನಡುಗಿತು. ನೀವೂ ಎಳೆದು ನೋಡಿ, ಮಗುವಿನ ಸೊಟ್ಟ ಗೆರೆ ಎಳೆಯುವುದು ನೇರ ಗೆರೆಗಿಂತ ಕಷ್ಟ. ಹೊಸ ಅಪ್ಪ ಮುಚ್ಚಳದ ಒಂದು ಬದಿಯಲ್ಲಿ.

ಪಾತ್ರೆ ಅಂಗಡಿಯಲ್ಲಿ ಕೊರೆಯುವ ಚಾಚಾ ಕನ್ನಡಕ ಮೂಗಿನ ತುದಿಗೆ ಇಳಿಸಿ ಶುರು ಮಾಡಿದರು. ಗುರ್ ಅಂತ ತಲೆಯ ಸುತ್ತ ಬಂದರು. ಎಡಗಿವಿಯ ಹತ್ತಿರ ಗೆರೆ ನಿಂತಲ್ಲಿ ಪೆನ್ನೆತ್ತಿ, ನನ್ನ ಮುಖ ನೋಡಿ, "ಜೋಡನಾ ಹೈ ಕ್ಯಾ?" (ಕೂಡಿಸಬೇಕಾ?) ಅಂದರು. ನಾನು "ನಹೀ" ಅನ್ನುವ ಮೊದಲೇ ಮಗಳು "ನಹೀ" ಅಂದಳು. ಅವರು ತಲೆಯಾಡಿಸಿ ಕೂದಲಿಗೆ ಹೋದರು. ಆಮೇಲೆ ಒಂದು ಮಾತೂ ಕೇಳಲಿಲ್ಲ. ಬೆರಳು ಏಳೂ ಬಂದಿದೆ, ಎಣಿಸಿದೆ (ಕ್ಷಮಿಸಿ ಟೀಚರ್).

ಡಬ್ಬಿ ಹೊಸದು, ಕೊರೆದದ್ದಕ್ಕೆ ಬೇರೆ ಕೊಟ್ಟದ್ದು, ಎಲ್ಲ ಸೇರಿ ಸಾವಿರದೊಳಗೇ ಮುಗಿಯಿತು.

ಹೊಸ ಡಬ್ಬಿ ಅಂದ ಮೇಲೆ ಡಬ್ಬಾವಾಲಾ ಭಾವು ಅದರ ಮುಚ್ಚಳದ ಮೇಲೆ ತಮ್ಮ ಗುರುತು ಬರೆಯಬೇಕಲ್ಲ. ಯಾವ ಸ್ಟೇಷನ್, ಯಾವ ಬಿಲ್ಡಿಂಗ್, ಎಷ್ಟನೇ ಮಹಡಿ ಅಂತ ಬಣ್ಣದಲ್ಲಿ ಅಂಕಿ, ಅಕ್ಷರ. ಅವರು ಬ್ರಷ್ ಹಿಡಿದು ಹೊಸ ಅಪ್ಪನನ್ನು ನೋಡಿ, ಅವನ ಗುಂಡಿಗೆ ತಾಗದ ಹಾಗೆ ಪಕ್ಕಕ್ಕೆ ಸರಿದು ಬರೆದರು. ಮಧ್ಯೆ ಬರುವ ದೊಡ್ಡ ಅಂಕಿ ಸ್ವಲ್ಪ ಸೊಟ್ಟಗಾಯಿತು.

ಸಂಜೆ ಖಾಲಿ ಡಬ್ಬಿ ವಾಪಸ್ ಬಂದಾಗ ಮಗಳು ಮುಚ್ಚಳ ತಿರುಗಿಸಿ ತಿರುಗಿಸಿ ನೋಡಿದಳು. ಆ ಕೆಂಪು ಗುರುತಿನ ಮೇಲೆ ಬೆರಳಿಟ್ಟು, "ಇದು ಯಾರ ಮಗಳು ಬಿಡಿಸಿದ್ದು?" ಅಂದಳು.

ಈಗ ಕುಕ್ಕರಿನ ಮೇಲೆ ಅಜ್ಜಿಯನ್ನು ಬಿಡಿಸಬೇಕಂತೆ. ಕುಕ್ಕರ್ ಮುಚ್ಚಳ ಕೊರೆಸಬಹುದಾ, ಯಾರಿಗಾದ್ರೂ ಗೊತ್ತಾ?

ದಾದರ್ ಪಾತ್ರೆ ಅಂಗಡಿ ಪಕ್ಕ

ಪ್ರೆಷರ್ ತಡೆಯೋ ಪಾತ್ರೆ ಮುಟ್ಟಬೇಡಿ. ಅಜ್ಜಿಗೆ ಇಡ್ಲಿ ಪಾತ್ರೆ ಕೊಡಿ.